ಹದಿನಾಲ್ಕನೆಯ ಸ್ಲೈಡು

॥ ಶ್ರೀ ಗುರುಬಸವಲಿಂಗಾಯ ನಮಃ ॥

ಶೆಟ್ಟಿಹಳ್ಳಿ
ಗುರುವಾರ, ೧೮ ಜುಲೈ ೨೦೨೪

ಚಿರಂಜೀವಿ ಸ್ಮಿತಾಳಿಗೆ,

ಗಂಗಾದೇವಿಯ ಆಶೀರ್ವಾದ. ಈ ಪದವನ್ನು ಬರೆಯುವ ಮುನ್ನ ಲೇಖನಿ ತಡೆಯಿತು, ಆದರೂ ಬರೆದೆ. ಹನ್ನೊಂದು ವರ್ಷ ನನ್ನನ್ನು ಅವ್ವಾ ಎಂದು ಕರೆದವಳಿಗೆ ಸಿಟ್ಟಿನಲ್ಲಿಯೂ ಆಶೀರ್ವಾದವನ್ನು ತಪ್ಪಿಸುವುದು ನಮ್ಮ ಮನೆಯ ನಡೆಯಲ್ಲ. ಈ ಬೆಳಿಗ್ಗೆ ಲಿಂಗಪೂಜೆಗೆ ಕುಳಿತವಳು ಮನಸ್ಸು ನಿಲ್ಲದೆ ಅರ್ಧಕ್ಕೆ ಎದ್ದೆ. ದೀಕ್ಷೆಯಾದ ಮೇಲೆ ಹೀಗಾದದ್ದು ಇದೇ ಮೊದಲು. ಸೋಮವಾರದಿಂದ ನೀನು ಮಾಡಿದ ಆರು ಕರೆಗಳನ್ನು ನಾನು ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೆ ನನ್ನ ಕಾಠಿನ್ಯ ಕರಗುವುದೆಂಬ ಭಯ. ಅದು ಕರಗಬಾರದು.

ನನ್ನ ನಿವೃತ್ತಿಯ ವರ್ಷ ಜಕ್ಕೂರಿನ ಆ ಹೆರಿಗೆ ಆಸ್ಪತ್ರೆಯ ಮಹಡಿಯಲ್ಲಿ ಬಸಿರಿಯರಿಗಾಗಿ ಭಾನುವಾರದ ತರಗತಿಯನ್ನು ಆರಂಭಿಸಿದಾಗ, ನರ್ಸಿಂಗ್ ಶಾಲೆಯ ನನ್ನ ಕೊನೆಯ ತಂಡದಿಂದ ನೀನೊಬ್ಬಳೇ ನನ್ನ ಹಿಂದೆ ಬಂದವಳು. ಆಗ ನಮ್ಮ ಬಳಿ ಇದ್ದದ್ದು ನಾನು ಉಲ್ಲನ್ನಿನಲ್ಲಿ ಹೆಣೆದ ಒಂದು ಗರ್ಭಚೀಲ, ಅದರೊಳಗೆ ತಲೆಕೆಳಗಾಗಿ ಕೂರುವ ಬಟ್ಟೆಯ ಗೊಂಬೆ, ಗೋಡೆಗೆ ತೂಗುಹಾಕಿದ ಎರಡು ಪಟಗಳು. ಐದು ವರ್ಷದ ಹಿಂದೆ ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಬಂದವಳು ನೀನು. "ಅವ್ವಾ, ನಿಮ್ ಗೊಂಬೆ ಹಿಂದಿನ್ ಸಾಲಿಗೆ ಕಾಣ್ಸಲ್ಲ. ಪಿಪಿಟಿ ಮಾಡೋಣ. ನೀವ್ ಬರೀ ಮಾತಾಡಿ, ಮಿಕ್ಕಿದ್ದು ನಂಗ್ ಬಿಡಿ" ಎಂದೆ. ಬಿಟ್ಟೆ. ಬಿಟ್ಟುಕೊಡುವುದರಲ್ಲಿ ಒಂದು ಸುಖವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲ ಬಾರಿಗೆ ನೀನು ತೋರಿಸಿದಾಗ ಅಕ್ಷರಗಳು ಪರದೆಯ ಎಡಬಲಗಳಿಂದ ಕುಪ್ಪಳಿಸಿ ಬಂದು ಕುಳಿತವು. ಬಸಿರಿಯ ಮುಂದೆ ಅಕ್ಷರ ಸುಮ್ಮನೆ ನಿಂತಿರಬೇಕು, ಆಡಿನ ಮರಿಯಂತೆ ನೆಗೆಯಬಾರದು ಎಂದು ನಾನಂದದ್ದಕ್ಕೆ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಇಬ್ಬರೂ ಕುಳಿತು ಇಪ್ಪತ್ತೆರಡು ಸ್ಲೈಡುಗಳನ್ನು ಕಟ್ಟಿದೆವು. ಮಾಸು, ಹೊಕ್ಕುಳಬಳ್ಳಿ, ನೆತ್ತಿ, ಬೇನೆ ಎಂಬ ಮಾತುಗಳನ್ನು ನಾನು ಹೇಳಿದೆ, ನೀನು ಒತ್ತಿದೆ. ಮಲ್ಲೇಶ್ವರದವಳೂ ಆರ್.ಟಿ. ನಗರದವಳೂ ಒಂದೇ ಬೆಂಚಿನಲ್ಲಿ ಕುಳಿತು ಓದಬಹುದಾದ ಕನ್ನಡ ಅದಾಗಬೇಕೆಂಬುದು ನನ್ನ ಹಟವಾಗಿತ್ತು.

ಅವುಗಳಲ್ಲಿ ಹದಿನಾಲ್ಕನೆಯದನ್ನು ನಾನು ಮೂರು ದಿನ ತಿದ್ದಿದ್ದೆ. "ಮಗುವಿನ ಅಲುಗಾಟ ಕಡಿಮೆಯೆನಿಸಿದರೆ ಯಾರ ಅಪ್ಪಣೆಗೂ ಕಾಯದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಬನ್ನಿ." ಮೂವತ್ತೆಂಟು ವರ್ಷದ ಸೇವೆಯಿಂದ ಒಂದೇ ವಾಕ್ಯವನ್ನು ಉಳಿಸಿಕೊಳ್ಳೆಂದರೆ ನಾನು ಅದನ್ನೇ ಉಳಿಸಿಕೊಳ್ಳುತ್ತಿದ್ದೆ. ಆ ಸ್ಲೈಡು ಬಂದಾಗಲೆಲ್ಲ, ನನ್ನ ಮಾತು ಮರೆತುಹೋದೀತು, ಬರೆದದ್ದನ್ನು ಫೋನಿನಲ್ಲಿ ಹಿಡಿದುಕೊಳ್ಳಿ, ಮನೆಯಲ್ಲಿ ಯಾರು ಏನೇ ಅಂದರೂ ಅದನ್ನೇ ನಂಬಿ ಎಂದು ಹೇಳುವುದು ನನ್ನ ರೂಢಿ. ನಿನಗೆ ಇದೆಲ್ಲ ಗೊತ್ತಿದ್ದದ್ದೇ.

ಜೂನ್ ಇಪ್ಪತ್ತಮೂರರ ಭಾನುವಾರ ನಾನು ಎಂದಿನಂತೆ ಪರದೆಗೆ ಬೆನ್ನು ಮಾಡಿ, ತಾಯಂದಿರಿಗೆ ಮುಖ ಮಾಡಿ ನಿಂತಿದ್ದೆ. ನೀನು ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದೆ. ತಡಮಾಡದೆ ಬನ್ನಿ ಎಂದು ನಾನು ಹೇಳಿದೆ. ಫೋಟೋ ತೆಗೆದುಕೊಳ್ಳಿ ಎಂದೆ. ಮಗಳ ಜೊತೆ ಬಂದಿದ್ದ ಜಕ್ಕೂರಿನ ಗೋಪಾಲಮ್ಮ, "ಅಲ್ಲಿ ಬ್ಯಾರೆ ಏನೋ ಬರ್ದೈತಲ್ಲಮ್ಮ" ಎಂದಳು. ನೀನು ತಕ್ಷಣವೇ, "ಡೌಟೆಲ್ಲಾ ಕೊನೇಲಿ ಕಣ್ರೀ" ಎಂದು ನಗುತ್ತ ಹದಿನೈದನೆಯದಕ್ಕೆ ಒತ್ತಿದೆ. ಆ ಮಾತು ನನ್ನ ಕಿವಿಗೂ ಬಿದ್ದಿತು. ಬೆನ್ನ ಹಿಂದೆ ಇರುವುದು ನನ್ನ ವಾಕ್ಯವೇ ಎಂಬ ವಿಶ್ವಾಸದಿಂದ ನಾನು ತಿರುಗಲಿಲ್ಲ.

ಆ ದಿನ ಮೂರನೆಯ ಸಾಲಿನಲ್ಲಿ ರುಖ್ಸಾರ್ ಇದ್ದಳು. ಒಂಬತ್ತನೆಯ ತಿಂಗಳು. ಎಲ್ಲವನ್ನೂ ಬರೆದುಕೊಳ್ಳುವ, ಉಸಿರಾಟದ ಅಭ್ಯಾಸದಲ್ಲಿ ಎಲ್ಲರಿಗಿಂತ ಮೊದಲು ನಗು ತಡೆಯಲಾರದೆ ಬಾಯಿಗೆ ದುಪ್ಪಟ್ಟಾ ಹಿಡಿಯುವ ಹುಡುಗಿ. ಜುಲೈ ಐದರ ಸಂಜೆ ಅವಳಿಗೆ ಮಗು ಅಲುಗಿದಂತೆ ಅನಿಸಲಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಬಂದಾಗ ಎದೆಬಡಿತ ಸಿಗಲಿಲ್ಲ. ಗಂಡುಮಗು. ಅಂದು ಹೆರಿಗೆ ಕೋಣೆಯ ಪಾಳಿಯಲ್ಲಿದ್ದು, ಅದನ್ನು ಬಟ್ಟೆಯಲ್ಲಿ ಸುತ್ತಿ ಅವಳ ಗಂಡ ಸಾಕಿಬನ ಕೈಗಿಟ್ಟವಳು ನೀನು. ಇದಾದ ಒಂಬತ್ತು ದಿನ ನೀನು ನನ್ನೊಡನೆ ಮಾತಾಡಿದೆ, ನನ್ನ ಮನೆಗೆ ಬಂದು ಚಹಾ ಕುಡಿದೆ, ಪಾಪ ಎಂದೆ. ಬೇರೆ ಏನನ್ನೂ ಹೇಳಲಿಲ್ಲ.

ಸೋಮವಾರ ಆಸ್ಪತ್ರೆಯಲ್ಲಿ ಡಾಕ್ಟರ್ ರಘುನಾಥರ ಕೋಣೆಯಲ್ಲಿ ಸಾಕಿಬ್ ತನ್ನ ಹೆಂಡತಿಯ ಫೋನನ್ನು ಮುಂದೆ ಹಿಡಿದು ಓದಿದ. "ಅಲುಗಾಟ ಕಡಿಮೆಯೆನಿಸಿದರೆ ಗಾಬರಿ ಬೇಡ. ಸಿಹಿ ತಿಂದು ಎಡಮಗ್ಗುಲಾಗಿ ಮಲಗಿ. ಮರುದಿನವೂ ಹಾಗೆಯೇ ಇದ್ದರೆ ಕರೆ ಮಾಡಿ." ಅವನು ಕೂಗಾಡಲಿಲ್ಲ. ಇದು ನಿಮ್ಮ ಕ್ಲಾಸಿನದು ಹೌದೋ ಅಲ್ಲವೋ ಎಂದಷ್ಟೇ ಕೇಳಿದ. ಮೇಲೆ ನನ್ನ ಹೆಸರಿದೆ, ಕೆಳಗೆ ಹದಿನಾಲ್ಕು ಎಂಬ ಅಂಕೆಯಿದೆ ಎಂದೂ ಅವನೇ ಓದಿ ಹೇಳಿದ. ನನ್ನ ವಾಕ್ಯ ಸತ್ತು ಅದರ ಜಾಗದಲ್ಲಿ ಇನ್ನೊಂದು ಮಲಗಿರುವುದನ್ನು ನಾನು ಅರಿತದ್ದು ಆ ಕ್ಷಣದಲ್ಲಿ, ಮಗುವನ್ನು ಕಳೆದುಕೊಂಡ ತಂದೆಯ ಬಾಯಿಂದ.

ಆ ವಾಕ್ಯವನ್ನು ಬದಲಿಸಲು ರಘುನಾಥರು ನಿನಗೆ ಏಕೆ ಹೇಳಿದರೆಂಬುದು ನನಗೆ ಈಗ ತಿಳಿದಿದೆ. "ವಾರಕ್ಕೆ ನಾಲ್ಕು ಜನ ಸುಮ್‌ಸುಮ್ನೆ ಓಡ್ಬರ್ತಾರೆ ಕಣ್ರೀ, ನನ್ ಹತ್ರ ಇರೋದು ಒಬ್ರೇ ಡ್ಯೂಟಿ ಡಾಕ್ಟ್ರು" ಎಂದು ಅವರೇ ಅಂದರು. ಅವರು ಆಸ್ಪತ್ರೆಯ ಯಜಮಾನರು, ಅವರ ಲೆಕ್ಕ ಅವರದು. ನಾನು ಅವರನ್ನು ಎಂದೂ ನಂಬಿದವಳಲ್ಲ. ಆದುದರಿಂದ ಅವರಿಂದ ನನಗೆ ದ್ರೋಹವಾಗಲಿಲ್ಲ. ಆಮೇಲೆ ನೀನು ಕಾರಿಡಾರಿನಲ್ಲಿ ನನ್ನ ಸೆರಗು ಹಿಡಿದು ಹೇಳಿದ ಮಾತೇ ನನ್ನನ್ನು ಸುಡುತ್ತಿದೆ. "ಅವ್ವಾ, ಡಾಕ್ಟ್ರಿಗೆ ಅವ್ರು ಹೇಳಿದ್ದು ಫೈಲಲ್ಲಿ ಇದ್ರೆ ಸಾಕು, ತಾಯಂದಿರಿಗೆ ಹೇಗಿದ್ರೂ ನೀವು ಸರಿಯಾಗೇ ಹೇಳ್ತೀರಲ್ಲ ಅನ್ಕೊಂಡೆ." ಅಂದರೆ ನನ್ನ ಬಾಯಿಗೆ ಒಂದು ಸತ್ಯ, ನನ್ನ ಬೆನ್ನಿಗೆ ಒಂದು ಸುಳ್ಳು ಕಟ್ಟಿ ನನ್ನನ್ನು ಇಪ್ಪತ್ತು ಜನ ಗರ್ಭಿಣಿಯರ ಮುಂದೆ ನಿಲ್ಲಿಸಿದೆ. ಎರಡೂ ಕಡೆ ಒಳ್ಳೆಯವಳಾಗಿ ಉಳಿಯುವ ಆಸೆ ನಿನ್ನದು. ಅದರ ನಡುವೆ ಬಿದ್ದದ್ದು ರುಖ್ಸಾರಳ ಮಗು.

ಅದೇ ಕೋಣೆಯಲ್ಲಿ, ಸಾಕಿಬನ ಪ್ರಶ್ನೆಗೆ ನೀನು ಕೊಟ್ಟ ಉತ್ತರವನ್ನೂ ಬರೆದುಬಿಡುತ್ತೇನೆ. "ಸ್ಲೈಡೆಲ್ಲಾ ಮೇಡಂ ನೋಡಿ ಓಕೆ ಮಾಡಿರೋದೇ." ಅವ್ವ ಆಗ ಮೇಡಂ ಆಗಿದ್ದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಏನನ್ನೂ ನುಡಿಯದೆ ಕೈಚೀಲ ತೆಗೆದುಕೊಂಡು ಎದ್ದುಬಂದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಆಟೋ ಮುಕ್ಕಾಲು ಗಂಟೆ ನಿಂತಿತ್ತು. ಚಾಲಕ ಎರಡು ಬಾರಿ ಹಿಂತಿರುಗಿ, ಅಮ್ಮಾ ನೀರು ಬೇಕಾ ಎಂದು ಕೇಳಿದ. ನನ್ನ ಮುಖ ಹಾಗಿದ್ದಿರಬೇಕು.

ಮಂಗಳವಾರ ಆರ್.ಟಿ. ನಗರಕ್ಕೆ, ರುಖ್ಸಾರಳ ಮನೆಗೆ ಹೋದೆ. ಅವಳ ಅತ್ತೆ ಮಲ್ಕಾ ಬಾಗಿಲಲ್ಲೇ ಹೇಳಿಕೊಂಡಳು. "ನಾನು ಅಂದೆ ಮೇಡಂ, ಚಲ್ ಬೇಟಾ, ಆಟೋ ಕರೀತೀನಿ ಅಂತ. ಬುರ್ಖಾನೂ ಹಾಕ್ಕೊಂಡು ನಿಂತಿದ್ದೆ. ಇವ್ಳು ಫೋನ್ ತೋರ್ಸಿ, ನೋಡಿ ಅಮ್ಮಿ, ಗಂಗಾ ಮೇಡಂ ಬರ್ದಿದಾರೆ, ನಾಳೆ ನೋಡೋಣ ಅಂದ್ಳು. ಓದ್ದೋಳು ಅಂತ ನಾನು ಸುಮ್ನಾದೆ." ಒಳಗೆ ರುಖ್ಸಾರ್ ಗೋಡೆಗೆ ಒರಗಿ ಕುಳಿತಿದ್ದಳು. ಎದೆಹಾಲು ಇನ್ನೂ ನಿಂತಿಲ್ಲ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ಮೇಡಂ, ನೀವು ಬಾಯಲ್ಲಿ ಬನ್ನಿ ಅಂದಿದ್ರಿ, ನಂಗೆ ನೆನಪಿತ್ತು. ನಾನೇ ಫೋಟೋ ನಂಬ್ದೆ. ಗಲತಿ ನಂದೇ" ಎಂದಳು. ನಾನು ಅವಳ ಕೈ ಹಿಡಿದು ಕುಳಿತೆ. ನಿನ್ನದಲ್ಲ ಎಂದು ಹೇಳಬೇಕಿತ್ತು. ಹೇಳದೆ ಎದ್ದುಬಂದೆ.

ಸ್ಮಿತಾ, ಮಗು ಹೋಯಿತು. ಅದನ್ನು ನಾನಾಗಲಿ ನೀನಾಗಲಿ ತರಲಾರೆವು. ಆದರೆ ಇಪ್ಪತ್ನಾಲ್ಕು ವರ್ಷದ ಹೆಣ್ಣೊಬ್ಬಳು ತನ್ನ ಮಗುವನ್ನು ತಾನೇ ಕೊಂದೆನೆಂದು ನಂಬಿ ಬದುಕುತ್ತಿದ್ದಾಳೆ. ಆ ನಂಬಿಕೆ ಅವಳಲ್ಲಿ ಬೇರುಬಿಡುವ ಮುನ್ನ ಕೀಳಬೇಕು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವಳ ಮನೆಗೆ ಹೋಗುತ್ತಿದ್ದೇನೆ. ನೀನೂ ಬರಬೇಕು. ವಾಕ್ಯವನ್ನು ಬದಲಿಸಿದ್ದು ಯಾರು, ಯಾರ ಮಾತಿನ ಮೇಲೆ ಬದಲಿಸಿದ್ದು, ಗೋಪಾಲಮ್ಮ ಬಾಯಿಬಿಟ್ಟಾಗ ಮುಂದಕ್ಕೆ ಒತ್ತಿದ್ದು ಯಾರು ಎಂಬುದನ್ನು ಅವಳ ಮುಂದೆ, ಮಲ್ಕಾ ಮತ್ತು ಸಾಕಿಬನ ಮುಂದೆ, ನಿನ್ನ ಬಾಯಿಂದಲೇ ಹೇಳಬೇಕು. ಭಾನುವಾರದ ತರಗತಿಗೆ ಮುನ್ನ ಹದಿನಾಲ್ಕನೆಯ ಸ್ಲೈಡಿಗೆ ಹಳೆಯ ವಾಕ್ಯ ಮರಳಬೇಕು. ಡಾಕ್ಟರು ಒಪ್ಪದಿದ್ದರೆ ಆ ಮಹಡಿಯ ಮೆಟ್ಟಿಲನ್ನು ನಾನು ಹತ್ತುವುದಿಲ್ಲ.

ಮಗಳೆಂದು ಕರೆಯುವ ರೂಢಿಯನ್ನು ಬಿಡಲು ಇನ್ನೂ ಕಲಿಯದ,
ಗಂಗಾದೇವಿ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದವಳು ಮತ್ತೆ ಹರಿದು ತೆಗೆದಿದ್ದೇನೆ. ಮೇಲೆ ಬರೆದುದರಲ್ಲಿ ಸುಳ್ಳಿಲ್ಲ, ಆದರೆ ಒಂದನ್ನು ಬಿಟ್ಟಿದ್ದೇನೆ. ಜೂನ್ ಇಪ್ಪತ್ತೊಂದರ ಶುಕ್ರವಾರ ನೀನು ಲ್ಯಾಪ್‌ಟಾಪು ಹಿಡಿದು ನನ್ನ ಮನೆಗೆ ಬಂದಿದ್ದೆ. "ಅವ್ವಾ, ಇದೊಂದು ಚೂರು ಚೇಂಜ್ ಆಗಿದೆ, ಓದ್ಬಿಟ್ಟು ಹೇಳಿ" ಎಂದು ನನ್ನ ಮುಂದೆ ಇಟ್ಟೆ. ನಾನು ಕನ್ನಡಕವನ್ನು ಸರಿಪಡಿಸಿಕೊಂಡು, ಓದುವವಳಂತೆ ಒಂದಷ್ಟು ಹೊತ್ತು ನೋಡಿ, ಸರಿಯಾಗಿದೆ ಎಂದೆ. ಓದಿರಲಿಲ್ಲ. ಓದಲಾಗಲಿಲ್ಲ. ಎರಡು ಕಣ್ಣಿನಲ್ಲೂ ಪೊರೆ ಬೆಳೆದು ಒಂದೂವರೆ ವರ್ಷವಾಯಿತು. ಆ ಪರದೆಯಲ್ಲಿ ನನಗೆ ಬಿಳಿಯ ಬೆಳಕಲ್ಲದೆ ಬೇರೇನೂ ಕಾಣುವುದಿಲ್ಲ. ಈ ಸಾಲುಗಳು ಒಂದರ ಮೇಲೊಂದು ಏರಿರುವುದನ್ನು ನೀನು ಗಮನಿಸಿರಬೇಕು. ತಿಳಿದರೆ ತರಗತಿಯಿಂದ ಇಳಿಸುವರೆಂದು ನಿನ್ನಿಂದಲೂ ಮುಚ್ಚಿಟ್ಟೆ. ಸೋಮವಾರ ನೀನು ಆಡಿದ್ದು ಸುಳ್ಳಲ್ಲ, ನಾನು ಬಾಯಿ ಮುಚ್ಚಿಕೊಂಡು ಎದ್ದುಬಂದದ್ದು ಅದಕ್ಕೇ. ಹೀಗೆಂದ ಮಾತ್ರಕ್ಕೆ ನೀನು ಹದಿನೈದಕ್ಕೆ ಒತ್ತಿದ್ದು ತೊಳೆದುಹೋಗುವುದಿಲ್ಲ. ಆದರೆ ಶನಿವಾರ ನೀನು ಬಂದರೂ ಬಾರದಿದ್ದರೂ ಮೊದಲು ಮಾತಾಡುವವಳು ನಾನು. ರುಖ್ಸಾರಳ ಮುಂದೆ ಹೇಳಬೇಕಾದ ಮೊದಲ ಹೆಸರು ನಿನ್ನದಲ್ಲ.