ಇಟಲಿಯ ಕುರಿ, ಗುಮ್ಮಘಟ್ಟದ ರೊಪ್ಪ

ರಾಯದುರ್ಗ
9 ಫೆಬ್ರವರಿ 2025

ಪ್ರೀತಿಯ ರಾಧಾ,

ಹೇಗಿದ್ದೀಯ? ಮಡಕಶಿರಾದಿಂದ ನೀನು ಯುಗಾದಿಗೆ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಹತ್ತು ತಿಂಗಳಾಯಿತು. ಬೈಯಬೇಕೆನ್ನಿಸಿದರೆ ಮೊದಲು ಬೈದುಬಿಡು, ಆಮೇಲೆ ಓದು.

ಅನಂತಪುರದ ಹಾಸ್ಟೆಲಿನಲ್ಲಿ ನನ್ನ ಇಟಾಲಿಯನ್ ಹುಚ್ಚು ನೋಡಿ ನಕ್ಕವಳು ನೀನು. ಅದಕ್ಕೇ ನಿನಗೆ ಹೇಳಬೇಕು: ನನ್ನ ಅನುವಾದ ಒಪ್ಪಿಗೆಯಾಯಿತು!

ಕುರಿ ಸಾಕುವ ಒಂದು ಮನೆತನದ ಕಾದಂಬರಿ ಅದು. ಇಟಾಲಿಯನ್‌ನಿಂದ ಇಂಗ್ಲಿಷಿಗೆ ಮುನ್ನೂರು ಪುಟ ಸಲೀಸಾಗಿ ಬಂತು, ಒಂದು ಪುಟ ಮಾತ್ರ ಏಳು ತಿಂಗಳು ಕಾಡಿತು. ಸಂಜೆ ಮೇದು ಬರುವ ಕುರಿಗಳು, ದೊಡ್ಡಿಯಲ್ಲಿ ಕಾಯುತ್ತಿರುವ ಮರಿಗಳು, ಅವುಗಳ ಕೂಗು, ಆಮೇಲೆ ಮೌನ. ಅಷ್ಟೇ. ಇಂಗ್ಲಿಷಿನಲ್ಲಿ ಸದ್ದಿಗೆ ಇರುವ ಪದಗಳನ್ನೆಲ್ಲ ತಂದು ಸುರಿದೆ. ಲಂಡನ್ನಿನ ಸಂಪಾದಕಿ ಮೂರು ಸಲ ವಾಪಸು ಕಳಿಸಿದಳು. "ಪದಗಳು ಕಾಣುತ್ತವೆ, ಏನೂ ಕೇಳಿಸುವುದಿಲ್ಲ" ಎಂದು ಬರೆದಳು. ಇನ್ನೊಮ್ಮೆ ಹೀಗೇ ಆದರೆ ಪುಸ್ತಕವನ್ನು ಬೇರೆಯವರಿಗೆ ಕೊಡುತ್ತೇವೆ ಅಂತಲೂ ಇತ್ತು. ಆ ದಿನ ನನಗೆ ಅನ್ನ ಸೇರಲಿಲ್ಲ.

ನಮ್ಮ ಮನೆಯವರು ಮನೆ ಕೆಳಗಿನ ನಮ್ಮ ಜೀನ್ಸ್ ಹೊಲಿಗೆ ಯೂನಿಟ್ಟಿನಿಂದ ಊಟಕ್ಕೆ ಬಂದವರು ನನ್ನ ಮುಖ ನೋಡಿ, "ಇಟಲಿ ಕುರಿ ಬ್ಯಾರೆ ಭಾಷಾದಾಗ ಒದರ್ತಾವೇನು? ಗುಮ್ಮಘಟ್ಟಕ್ಕ ಹೋಗಿ ಕೇಳಿ ಬಾ" ಅಂದರು. ತಮಾಷೆಗೆ ಅಂದದ್ದು. ನಾನು ಮಾರನೆಯ ದಿನವೇ ಶೇರ್ ಆಟೋ ಹತ್ತಿದೆ.

ಅಲ್ಲಿ ಉಜ್ಜಿನಮ್ಮ ಎಂಬ ಕುರಿ ಸಾಕುವ ಮುದುಕಿ ನನ್ನನ್ನು ತನ್ನ ರೊಪ್ಪದ, ಅಂದರೆ ಕುರಿದೊಡ್ಡಿಯ, ಪಕ್ಕ ಕಲ್ಲಿನ ಮೇಲೆ ಕೂರಿಸಿದಳು. ಹೊತ್ತು ಇಳಿಯುವಾಗ ಕುರಿಗಳು ಬಂದವು. ಶುರುವಾಯಿತು ನೋಡು! ನಾನು ಗಡಿಬಿಡಿಯಿಂದ ಬರೆಯತೊಡಗಿದೆ.

"ಏನ್ ಬರಕಂತೀರಮ್ಮಾ?"

"ಈ ಗದ್ದಲಾನ."

ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ಗದ್ದಲ ಎಲ್ಲೈತ್ರೀ? ಆ ಕರೇ ಕುರಿ ತನ್ ಮರೀನ ಕರಿಯಾಕ ಹತ್ತೈತಿ. ಮೂಲ್ಯಾಗಿಂದ ಮರಿ ಓ ಅಂತೈತಿ. ನೀವು ಎಲ್ಲಾ ಕೂಡ್ಸಿ ಕೇಳ್ತೀರಿ, ಅದಕ್ಕ ಗದ್ದಲ."

ರಾಧಾ, ನನಗೆ ನಾಚಿಕೆಯಾಯಿತು. ಮೂಲದಲ್ಲಿದ್ದದ್ದು ಬರೀ 'ಕಿಯಾಮಾನೊ', ಅಂದರೆ ಕರೆಯುತ್ತವೆ. ಸಪ್ಪೆ ಮಾತು ಎಂದು ಅದನ್ನು ಬಿಟ್ಟು ಅಬ್ಬರ ತುಂಬಿದವಳು ನಾನೇ. ಮನೆಗೆ ಬಂದು ಒಂದೊಂದಾಗಿ ಬರೆದೆ. ಒಂದು ಕುರಿ ಕರೆಯುತ್ತದೆ, ಒಂದು ಮರಿ ಓಗೊಡುತ್ತದೆ. ಮರಿ ಮೊಲೆಗೆ ಬಾಯಿ ಹಾಕಿದ ಕೂಡಲೇ ಆ ಜೋಡಿ ಸುಮ್ಮನಾಗುತ್ತದೆ. ಹಾಗೆ ಮೌನವೂ ಒಂದೊಂದಾಗಿಯೇ ಬಂತು.

ನಿನ್ನೆ ಬೆಳಿಗ್ಗೆ ಸಂಪಾದಕಿಯ ಉತ್ತರ ಬಂತು: "ಈಗ ಕೇಳಿಸುತ್ತಿದೆ." ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು. ಇವರು ಯೂನಿಟ್ಟಿನ ಹೆಣ್ಣುಮಕ್ಕಳಿಗೆಲ್ಲ ಮೈಸೂರುಪಾಕು ಹಂಚಿದರು. ಯಾತಕ್ಕೆಂದು ಅವರಿಗೆ ಹೇಳಿದರೂ ಅರ್ಥವಾಗಲಿಲ್ಲ, ಇನ್ನೊಂದು ತುಂಡು ಕೇಳಿದರು.

ನಿನ್ನ ಮಗಳು ಮಂಜುಳ ಬಿ.ಎಡ್. ಸೇರಿದಳೆಂದು ಬರೆದಿದ್ದೆ. ಒಳ್ಳೆಯ ಟೀಚರ್ ಆಗಲಿ, ನೂರು ವರ್ಷ ಬಾಳಲಿ. ನೀನು ಮಂಡಿನೋವಿಗೆ ಔಷಧಿ ಬಿಡಬೇಡ.

ನಿನ್ನ
ಭುವನಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಎರಡು ವರ್ಷದ ಹಿಂದೆ ನಿನ್ನ ಗಂಡ ಮುತ್ತುರಾಜ್ ತೀರಿಕೊಂಡ ಮಧ್ಯಾಹ್ನ ನೀನು ನನಗೆ ಫೋನು ಮಾಡಿದ್ದೆ. "ಮಷೀನ್ ಸಪ್ಪಳದಾಗ ಏನೂ ಕೇಳವಲ್ದು, ಆಮ್ಯಾಲೆ ಮಾಡ್ತೀನಿ" ಎಂದು ನಾನು ಇಟ್ಟುಬಿಟ್ಟೆ. ಮಾಡಲಿಲ್ಲ. ಹನ್ನೊಂದನೆಯ ದಿನಕ್ಕೆ ಬಂದಾಗಲೂ ನಿನ್ನೆದುರು ಅದನ್ನೇ ಹೇಳಿದೆ, ನೀನು ನಂಬಿದೆ. ನೀನು ಫೋನು ಮಾಡಿದ ದಿನ ಭಾನುವಾರ, ರಾಧಾ. ಯೂನಿಟ್ ಬಂದ್ ಇತ್ತು. ನೀನು ಅಳುತ್ತಿದ್ದದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಏನು ಹೇಳಬೇಕೋ ತಿಳಿಯದೆ ಹೆದರಿದೆ.