ಎಳ್ಳಷ್ಟೂ ಇಲ್ಲ ಸ್ವಾಮಿ

ಗುಬ್ಬಿಯ ಅಮ್ಮನಿಗೆ,

ನಿನ್ನ ಹೊಲಿಗೆ ಯಂತ್ರದ ಬೆಲ್ಟು ಕಿತ್ತುಹೋಗಿದೆಯಂತೆ. ಹೊಸದನ್ನು ಗುಬ್ಬಿಯ ಕೈಯಲ್ಲೇ ಕಳಿಸಿದ್ದೇನೆ.

ಊರೊಳಗೆ ಒಂದು ಕುಟುಂಬ ಇಷ್ಟೇ ಖಾಲಿ ಜಾಗ ಇಟ್ಟುಕೊಳ್ಳಬೇಕು ಎಂಬ ಕಾನೂನು ಬಂದಾಗ, ನನ್ನ ಸೈಟು, ನಿನ್ನ ತವರಿನವರು ಕೊಟ್ಟ ಸೈಟು ಎರಡೂ ಉಳಿಯಲಿ ಎಂದು ವಿಚ್ಛೇದನದ ಉಪಾಯ ಹೂಡಿದವನು ನಾನು. "ಬರೀ ಕಾಗದದ ಮೇಲೆ ಕಣೇ, ಆರು ತಿಂಗಳು ಬೇರೆ ಮನೇಲಿರು" ಅಂದಿದ್ದೆ. ಎಂಟು ವರ್ಷವಾಯಿತು.

ಹೆಂಡತಿಯ ಮೇಲೆ ಸ್ವಲ್ಪವೂ ಪ್ರೀತಿ ಉಳಿದಿಲ್ಲವೇ ಎಂದು ನ್ಯಾಯಾಧೀಶರು ಕೇಳಿದರು. "ಎಳ್ಳಷ್ಟೂ ಇಲ್ಲ ಸ್ವಾಮಿ" ಎಂದೆ. ಅಷ್ಟು ಸಲೀಸಾಗಿ ಹೇಳಬಾರದಿತ್ತು. ಮೆಟ್ಟಿಲಿಳಿಯುವಾಗ ನೀನು, "ಚೆನ್ನಾಗೇ ಹೇಳಿದ್ರಿ ಬಿಡಿ" ಅಂದೆ. ಆರು ತಿಂಗಳು ಕಳೆದರೂ ನೀನು ಬರಲಿಲ್ಲ. ತಪಾಸಣೆಯವರು ನೋಡಿಬಿಟ್ಟಾರು ಎಂಬ ನೆಪದಲ್ಲಿ ನಾನೂ ಕರೆಯಲಿಲ್ಲ.

ನಿನ್ನೆ ಜಾಗದ ಮಿತಿ ನೋಡುವ ಕಚೇರಿಗೆ ಹೋಗಿ ಆ ಸುಳ್ಳನ್ನು ಒಪ್ಪಿಕೊಂಡೆ. ಮಿತಿ ಮೀರಿದ್ದನ್ನೆಲ್ಲ ನನ್ನ ಸೈಟಿನಿಂದಲೇ ತೆಗೆದುಕೊಳ್ಳಿ ಎಂದು ಬರೆದುಕೊಟ್ಟಿದ್ದೇನೆ. ಇನ್ನು ನೀನು ಏನು ಹೇಳಿದರೂ ನಿನ್ನ ಸೈಟಿಗೆ ತೊಂದರೆಯಿಲ್ಲ.

ಸೋಮವಾರ ಆ ಕಚೇರಿಯ ತಪಾಸಣೆಯವರು ನಿನ್ನ ಬಾಗಿಲಿಗೆ ಬರುತ್ತಾರೆ. ನಾನು ನಿನಗೆ ಇನ್ನೂ ಗಂಡನೇ ಎಂದು ಕೇಳುತ್ತಾರೆ. ಅವತ್ತು ಕೋರ್ಟಿನಲ್ಲಿ ಏನು ಹೇಳಬೇಕೆಂದು ನಿನಗೆ ಬಾಯಿಪಾಠ ಮಾಡಿಸಿದ್ದೆ. ಈ ಸಲ ಏನೂ ಹೇಳಿಕೊಡುವುದಿಲ್ಲ.

ಇಂತಿ,
ಗುಬ್ಬಿಯ ಅಪ್ಪ

ಮರೆತಿದ್ದೆ: ಯಂತ್ರ ರಿಪೇರಿಯವನಾಗಿಯೂ ಬೆಲ್ಟನ್ನು ಅಳತೆಗೆ ಕತ್ತರಿಸದೆ ಉದ್ದವಾಗಿಯೇ ಕಳಿಸಿದ್ದೇನೆ. ಕರೆದರೆ ಬಂದು ಕೂರಿಸಿಕೊಡುತ್ತೇನೆ. ಬೇಡವೆಂದರೆ ಗುಬ್ಬಿಗೆ ಕತ್ತರಿಸಲು ಬರುತ್ತದೆ.