ಕೆಮ್ಮಣ್ಣು ಒರೆಸಿ ನೋಡದವರಿಗೆ

ಮಾನ್ಯ ತಾಲ್ಲೂಕು ಆರೋಗ್ಯಾಧಿಕಾರಿಗಳೇ,

ನನ್ನ ನಾಡಿ ನಿಮಿಷಕ್ಕೆ ನಲವತ್ತೂ ಬಡಿಯದಿದ್ದ ವಾರದಲ್ಲಿ ನಿಮ್ಮ ಆಸ್ಪತ್ರೆಯವರು ಚೀಟಿಯಲ್ಲಿ ಎಪ್ಪತ್ತೆರಡು ಎಂದು ಬರೆದುಕೊಟ್ಟರು. ನನ್ನ ಕೈಯನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಹಿಂದಿದ್ದ ಮುದುಕನಿಗೂ ಎಪ್ಪತ್ತೆರಡು, ಅವನ ಹಿಂದೆ ಕೂಸು ಎತ್ತಿಕೊಂಡಿದ್ದ ಹೆಂಗಸಿಗೂ ಎಪ್ಪತ್ತೆರಡು, ಆ ಕೂಸಿಗೂ ಎಪ್ಪತ್ತೆರಡು. ಇಡೀ ತಾಲ್ಲೂಕಿಗೆ ಸೇರಿ ಒಂದೇ ಎದೆ ಇದೆ ಅಂತ ತಿಳಿದಿದ್ದೀರಾ? ಆ ಚೀಟಿ ಕೈಗೆ ತೆಗೆದುಕೊಂಡಾಗಲೆಲ್ಲ ನನಗೆ ಸಿಟ್ಟಿಗಿಂತ ಮೊದಲು ಹೇಸಿಗೆ ಬರುತ್ತದೆ.

ನಾನು ಯಾರು ಅಂದರೆ, ಹೆಸರು ಕಿಶನ್, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ವಯಸ್ಸು ಇಪ್ಪತ್ತೆರಡು, ಕುರಿ ಮೇಯಿಸುತ್ತೇನೆ. ಯಾವ ತಾಲ್ಲೂಕು ಎಂದು ಬೇಕೆಂದೇ ಬರೆದಿಲ್ಲ. ಬಿಂಡಿಗನವಿಲೆಯಿಂದ ಶೀಳನೆರೆ, ಅಲ್ಲಿಂದ ಪಾಂಡವಪುರದ ಕಡೆ, ಕಬ್ಬು ಕಡಿದ ಮೇಲೆ ಶ್ರೀರಂಗಪಟ್ಟಣದ ನಾಲೆ ಬಯಲು, ಹೀಗೆ ನಮ್ಮ ಮಂದೆ ತಿರುಗುತ್ತದೆ. ನಾಲ್ಕು ತಾಲ್ಲೂಕಿನ ಸಾಹೇಬರೂ ಇದನ್ನು ಓದಿ ತಂತಮ್ಮ ಎದೆ ಮುಟ್ಟಿಕೊಳ್ಳಲಿ. ಯಾರಿಗೆ ಬರೆದಿದ್ದು ಎಂದು ನಿಮಗಂತೂ ಗೊತ್ತಾಗುತ್ತದೆ.

ನಮ್ಮ ಕೆಲಸ ನಿಮಗೆ ತಿಳಿಯದು, ಹೇಳುತ್ತೇನೆ. ಹೊಲದವರು ಗೊಬ್ಬರಕ್ಕೆಂದು ಮಂದೆ ಕರೆಸುತ್ತಾರೆ. ಕುರಿ ಹೊಲದಲ್ಲಿ ಮಲಗುತ್ತದೆ, ಕುರಿಯ ಮಧ್ಯೆ ನಾವು ಮಲಗುತ್ತೇವೆ. ಕುರಿಯ ಮೈಯಲ್ಲಿ ಉಣ್ಣಿ ಇರುತ್ತದೆ, ಅದಕ್ಕೆ ಕುರಿ ಯಾರು, ಕಿಶನ್ ಯಾರು ಎಂಬ ಭೇದವಿಲ್ಲ. ಕಚ್ಚಿ ರಕ್ತ ಕುಡಿದು ಹುರುಳಿ ಕಾಳಿನಷ್ಟು ಊದಿಕೊಂಡಾಗ ಕಿತ್ತು, ಉಗುರಿನಲ್ಲಿ ಕುಕ್ಕಿ ಬಿಸಾಡುತ್ತೇವೆ. ಹುಟ್ಟಿದಾಗಿನಿಂದ ಮಾಡಿದ್ದೇವೆ. ಹೋದ ವರ್ಷ ದೀಪಾವಳಿ ಆದ ಮೇಲೆ ಹಾಗೆ ಒಂದನ್ನು ಪಕ್ಕೆಯಿಂದ ಕಿತ್ತೆ. ಹತ್ತು ದಿನಕ್ಕೆ ಅಲ್ಲಿ ಬಳೆಯ ಹಾಗೆ ಒಂದು ಕೆಂಪು ಸುತ್ತು ಎದ್ದಿತು. ಜ್ವರವೂ ಬಂತು.

ನಮ್ಮಜ್ಜಿ ಚಿಕ್ಕಬೋರಮ್ಮ ಅದನ್ನು ನೋಡಿ ಎದೆ ಹಿಡಿದುಕೊಂಡಳು. ಅವಳ ಲೆಕ್ಕದಲ್ಲಿ ಅದು ಸರ್ಪಸುತ್ತು. ಸರ್ಪದ ತಲೆಯೂ ಬಾಲವೂ ಸೇರಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ, ಸೇರದಿರಲಿ ಎಂದು ಮಧ್ಯೆ ಕೆಮ್ಮಣ್ಣು ಬಳಿಯುತ್ತಾರೆ. ನನ್ನದು ಪೂರ್ತಿ ಸುತ್ತಿಕೊಂಡೇ ಎದ್ದಿತ್ತು.

"ಅಯ್ಯೋ, ತಲೆ ಬಾಲ ಆಗ್ಲೇ ಸೇರ್ಬುಟ್ಟದೆ ಕಣ್ಲಾ," ಅಂದಳು.

"ಸೇರಿದ್ರೆ ನಾನಾಗ್ಲೇ ಸತ್ತಿರ್ಬೇಕಿತ್ತಲ್ಲ ಅಜ್ಜಿ."

"ಬಾಯ್ಮುಚ್ಕಂಡ್ ಅಂಗಿ ಎತ್ತು."

ಪಕ್ಕೆ ತುಂಬ ಅಂಗೈ ದಪ್ಪ ಕೆಮ್ಮಣ್ಣು ಬಳಿದಳು. ಜ್ವರ ಬಿಡಲಿಲ್ಲವೆಂದು ಅದೇ ಮೈಯಲ್ಲಿ ನಿಮ್ಮ ಆಸ್ಪತ್ರೆಗೆ ಬಂದೆ. ನಿಮ್ಮ ಡಾಕ್ಟರು ದೂರದಿಂದಲೇ ನೋಡಿ, ಗೋಡೆಯ ಬುಡಕ್ಕೆ ಕೆಂಪು ಕಾರಣೆ ಪಟ್ಟೆ ಬಳಿದ ಹಾಗಿದೆ ಎಂದು ಪಕ್ಕದ ಸಿಸ್ಟರಿಗೆ ಹೇಳಿ ನಕ್ಕರು. ಜ್ವರದ ಮಾತ್ರೆ ಬರೆದರು. ಅಡಿಯಲ್ಲಿ ಏನಿದೆ ಎಂದು ಕೇಳಲಿಲ್ಲ. ಅಜ್ಜಿಯದು ತಪ್ಪು, ಒಪ್ಪುತ್ತೇನೆ. ಅವಳು ಶಾಲೆಯ ಬಾಗಿಲನ್ನೂ ಕಂಡವಳಲ್ಲ. ನಿಮ್ಮ ಡಾಕ್ಟರು ಎಷ್ಟು ವರ್ಷ ಓದಿದ್ದಾರೆ? ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಆವತ್ತೇ ಕಾಣುತ್ತಿತ್ತು. ಗೊತ್ತಿಲ್ಲದೆ ಮುಚ್ಚಿದವಳು ದಡ್ಡಿಯಾದರೆ, ಗೊತ್ತಿದ್ದೂ ತೆರೆದು ನೋಡದವರನ್ನು ಏನೆಂದು ಕರೆಯಬೇಕು?

ಸುತ್ತು ಮಾಸಿತು, ಜ್ವರ ಇಳಿಯಿತು. ತಿಂಗಳ ಮೇಲೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರಲು ಶುರುವಾಯಿತು. ಕುರಿ ಮರಿ ಎತ್ತಿದರೆ ಏದುಸಿರು ಬರುತ್ತಿತ್ತು. ಎಪ್ಪತ್ತೆರಡು ಎಂದು ಬರೆಸಿಕೊಂಡು ಬಂದದ್ದು ಆಗಲೇ. ಅದಾದ ನಾಲ್ಕನೇ ದಿನ ಸಂತೆಬಾಚಹಳ್ಳಿಯ ಸಂತೆಯಲ್ಲಿ ಟಗರು ಹಿಡಿದು ನಿಂತವನು ನಿಂತ ಹಾಗೇ ಬಿದ್ದೆ. ಬೆಳಿಗ್ಗೆನೇ ಏರಿಸ್ಕಂಡ್ ಬಂದವ್ನೆ, ನೆರಳಿಗೆ ಎಳೆದಾಕ್ರಲಾ ಎಂದು ಯಾರೋ ಹೇಳಿದ್ದು ಕೇಳಿಸಿತು. ನಾನು ಕುಡಿಯುವವನಲ್ಲ ಎಂದು ಹೇಳಲೂ ನಾಲಿಗೆ ಏಳಲಿಲ್ಲ. ನಮ್ಮೂರ ಸಂತೋಷ್ ನನ್ನ ಬಾಯಿಯ ಹತ್ತಿರ ಬಂದು ಮೂಸಿ ನೋಡಿ, ವಾಸನೆಯಿಲ್ಲ ಎಂದು ಗೊತ್ತಾದ ಮೇಲೆ ತನ್ನ ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಮೈಸೂರಿಗೆ ಓಡಿಸಿದ. ಟಗರನ್ನು ಯಾರಿಗಾದರೂ ಒಪ್ಪಿಸಲು ಹೊತ್ತಿರಲಿಲ್ಲ, ಅದೂ ನಮ್ಮ ಜೊತೆಯೇ ಬಂತು.

ಅಲ್ಲಿನ ಡಾಕ್ಟರಮ್ಮ ಮೊದಲು ಮಾಡಿದ ಕೆಲಸ ಏನು ಗೊತ್ತೇ? ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಸುಮ್ಮನೆ ನಿಂತರು. ಮೂವತ್ತಾರು. ಹೃದಯದ ಮೇಲಿನ ಕೋಣೆ ಕೊಟ್ಟ ಸೂಚನೆ ಕೆಳಗಿನ ಕೋಣೆಗೆ ಮುಟ್ಟುತ್ತಿಲ್ಲ ಎಂದರು. ಸರ್ಕಾರಿ ಇಲಾಖೆಯಂಥ ಕಾಯಿಲೆ ನನ್ನೊಳಗೇ ಸೇರಿಕೊಂಡಿದೆ ಎಂದುಕೊಂಡೆ. ಕುತ್ತಿಗೆಯಿಂದ ತಂತಿ ಇಳಿಸಿ ಐದು ದಿನ ಮಿಷನ್ನಿನಿಂದ ಎದೆ ಬಡಿಸಿದರು. ಉಣ್ಣಿ ಕಚ್ಚಿತ್ತಾ, ಸುತ್ತು ಎದ್ದಿತ್ತಾ ಎಂದು ಅವರೇ ಕೇಳಿದರು. ರಕ್ತವನ್ನು ಹೊರಗಿನ ಲ್ಯಾಬಿಗೆ ಕಳಿಸಿದರು, ಉಣ್ಣಿಯಿಂದ ಬರುವ ಕಾಯಿಲೆಯೇ ಎಂದು ಬಂತು. ಸುತ್ತು ಎದ್ದಾಗಲೇ ಅದರ ಮಾತ್ರೆ ನುಂಗಿದ್ದರೆ ಎದೆಗೆ ಇಳಿಯುತ್ತಿರಲಿಲ್ಲವಂತೆ. ನನಗೆ ಈಗಲೂ ಪೂರ್ತಿ ಸರಿಯಾಗಿಲ್ಲ. ಕುರಿ ಬೆದರಿ ಓಡಿದರೆ ಹಿಂದೆ ಓಡಲಾರೆ. ಕೂತಲ್ಲೇ ಒಂದು ಬಡಿತ ತಪ್ಪುತ್ತದೆ, ಮುಂದಿನದು ಬರುವವರೆಗೆ ನಾನು ಕಾಯುತ್ತೇನೆ. ಆ ಕಾಯುವುದು ಹೇಗಿರುತ್ತದೆ ಎಂದು ನಿಮಗೆ ಹೇಳಿ ಪ್ರಯೋಜನವಿಲ್ಲ.

ಆ ಕಾಗದಗಳನ್ನೆಲ್ಲ ಹಿಡಿದು ನಿಮ್ಮ ಕಚೇರಿಗೆ ಬಂದೆ. ಮಂದೆಯವರಿಗೆಲ್ಲ ಒಂದು ಮಾತು ಹೇಳಿಸಿ ಎಂದು ಕೇಳಲು ಬಂದಿದ್ದೆ. ನೀವು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

"ನೋಡಪ್ಪಾ, ಆ ಕಾಯಿಲೆ ನಮ್ಮ ತಾಲ್ಲೂಕಲ್ಲಿ ಇಲ್ಲ."

"ನಂಗ್ ಬಂದದಲ್ಲ ಸಾರ್."

"ನಮ್ಮ ದಾಖಲೆಯಲ್ಲಿ ಒಂದೂ ಕೇಸಿಲ್ಲ. ಅದೆಲ್ಲ ಕಾಡಿನ ಕಡೆ. ಕಚ್ಚಿದ ಉಣ್ಣಿ ತಂದಿದ್ದೀಯಾ?"

ಕುಕ್ಕಿ ಬಿಸಾಡಿದೆ ಎಂದೆ. ಹಾಗಾದರೆ ನಾನೇನು ಮಾಡಲಿ ಎಂದು ಕೈ ತಿರುವಿದಿರಿ. ಉಣ್ಣಿಯ ವಿಷಯ ಪಶು ಇಲಾಖೆಯದು ಎಂದಿರಿ. ಅಲ್ಲಿಗೆ ಹೋದರೆ, ಕುರಿಗೆ ಏನಾಗಿದೆ ಎಂದರು. ಕುರಿ ಚೆನ್ನಾಗಿದೆ ಎಂದೆ. ಮತ್ತೆ ಇಲ್ಲಿಗೆ ಯಾಕೆ ಬಂದೆ ಎಂದರು. ಪರೀಕ್ಷೆ ಮಾಡುವುದಿಲ್ಲ, ಆದ್ದರಿಂದ ಕೇಸಿಲ್ಲ. ಕೇಸಿಲ್ಲ, ಆದ್ದರಿಂದ ಪರೀಕ್ಷೆ ಬೇಡ. ಇಷ್ಟು ಓದಲು ನಿಮಗೆ ಎಷ್ಟು ವರ್ಷ ಹಿಡಿಯಿತು ಸಾರ್? ನಾನು ಶಾಲೆ ಬಿಟ್ಟಿದ್ದಕ್ಕೆ ಮೊದಲ ಸಲ ಸಮಾಧಾನವಾಯಿತು.

ಇಷ್ಟೇ ಆಗಿದ್ದರೆ ಬೈದುಕೊಂಡು ಸುಮ್ಮನಿರುತ್ತಿದ್ದೆ. ಹೋದ ಶುಕ್ರವಾರ ನನ್ನ ತಂಗಿ ರಂಜಿತಳ ಮೊಣಕಾಲಿನ ಹಿಂದೆ ಅದೇ ಸುತ್ತು ಎದ್ದಿದೆ. ಕೊಟ್ಟಿಗೆಯಲ್ಲಿ ಮರಿಗಳ ಉಣ್ಣಿ ಕೀಳುವವಳು ಅವಳೇ. ನಾನು ನೋಡುವಷ್ಟರಲ್ಲಿ ಅಜ್ಜಿ ಬಟ್ಟಲಲ್ಲಿ ಕೆಮ್ಮಣ್ಣು ಕಲಸುತ್ತಿದ್ದಳು. ಬಟ್ಟಲು ಕಿತ್ತುಕೊಂಡೆ.

"ಅಜ್ಜಿ, ಮುಚ್ಬ್ಯಾಡ. ಮುಚ್ಚಿದ್ರೆ ನಂಗಾದಂಗೆ ಆಯ್ತದೆ."

ಅಜ್ಜಿ ನನ್ನ ಮುಖವನ್ನೇ ನೋಡಿದಳು. "ಅಂಗಾರೆ ನಿನ್ಗೆ ಮಾಡ್ದೋಳು ನಾನೇಯಾ?" ಅಂದಳು.

ನಾನು ಬಟ್ಟಲನ್ನು ಹೊರಗೆ ಒಯ್ದು ಕೆಮ್ಮಣ್ಣು ಚೆಲ್ಲಿ ಬಂದೆ. ಆವತ್ತಿನಿಂದ ಅವಳು ಸರಿಯಾಗಿ ಉಂಡಿಲ್ಲ. ಅವಳಿಗಿರುವ ನಾಚಿಕೆಯಲ್ಲಿ ಕಾಲು ಭಾಗ ನಿಮ್ಮ ಕಚೇರಿಗೆ ಇದ್ದಿದ್ದರೆ ಈ ಪತ್ರ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಮೈಸೂರಿನ ಡಾಕ್ಟರಮ್ಮನಿಗೆ ಸುತ್ತಿನ ಫೋಟೊ ಕಳಿಸಿದೆ. ಅವರು ಆವತ್ತೇ ಮಾತ್ರೆ ಶುರು ಮಾಡಿಸಿದರು. ದಿನ ಬಿಟ್ಟು ದಿನ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ ಕಳಿಸಬೇಕು, ನಾಡಿ ಅರವತ್ತಕ್ಕಿಂತ ಇಳಿದರೆ ಯಾರನ್ನೂ ಕೇಳದೆ ಮೈಸೂರಿಗೆ ಹೊರಟುಬಿಡಬೇಕು ಎಂದಿದ್ದಾರೆ. ಹತ್ತಿರದ ಆಸ್ಪತ್ರೆ ಎಂದರೆ ನಿಮ್ಮದು. ಎರಡು ಸಲ ಕರೆದುಕೊಂಡು ಬಂದೆ. ಇಸಿಜಿ ಮಿಷನ್ನಿನ ಮೇಲೆ ಹೂವಿನ ಬಟ್ಟೆ ಹೊದಿಸಿದ್ದೀರಿ. ಅದಕ್ಕೆ ಹಾಕುವ ಪೇಪರ್ ಖಾಲಿಯಂತೆ, ಮೇಲಿನಿಂದ ಬರಬೇಕಂತೆ, ವಯಸ್ಸಿನ ಹುಡುಗಿಗೆ ಇದೆಲ್ಲ ಯಾಕೆ ಎಂದರು ನಿಮ್ಮವರು. ಕೆಂಪು ಸುತ್ತಿನ ಮೇಲೆ ಹಚ್ಚಲು ಮುಲಾಮು ಕೊಟ್ಟು ಕಳಿಸಿದರು.

ಆದ್ದರಿಂದ ಬೇಡುವುದಿಲ್ಲ, ಹೇಳುತ್ತೇನೆ. ನಾಳೆ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ರಂಜಿತಳನ್ನು ಕರೆದುಕೊಂಡು ಬರುತ್ತೇನೆ. ಅಷ್ಟರೊಳಗೆ ಪೇಪರ್ ತರಿಸಿರಿ. ನೀವೇ ಬಂದು ಅವಳ ಕೈ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ, ಎಷ್ಟಿದೆಯೋ ಅಷ್ಟು ಬರೆಯಿರಿ. ಕಾಯಿಲೆಯ ಹೆಸರನ್ನು ದಾಖಲೆಗೆ ಹಾಕಿರಿ. ಊರೂರಿಗೆ ಆಶಾ ಕಾರ್ಯಕರ್ತೆಯರನ್ನು ಕಳಿಸಿ, ಮಂದೆಯವರಿಗೆ ಸುತ್ತು ಎದ್ದರೆ ಬಳಿಯಬೇಡಿ, ಬಂದು ತೋರಿಸಿ ಎಂದು ಹೇಳಿಸಿರಿ.

ಅವಳ ನಾಡಿಯನ್ನು ಈಗ ನಾನೇ ಎಣಿಸುತ್ತಿದ್ದೇನೆ. ಭಾನುವಾರ ಎಂಬತ್ತೊಂದು. ನಿನ್ನೆ ಎಪ್ಪತ್ತು. ಇವತ್ತು ಬೆಳಿಗ್ಗೆ ಅರವತ್ನಾಲ್ಕು.

ಇಂತಿ,
ನಿಮ್ಮಿಂದ ಏನೂ ಆಗದು ಎಂದು ಗೊತ್ತಿದ್ದೂ ಬರೆದ ದಡ್ಡ,
ಕಿಶನ್